ಬನ್ನಿಮಟ್ಟಿ ಕೆರೆಯ ಮೇಲೆ ರಾತ್ರಿ ಒಂದೂವರೆಯ ಬಿಸಿಲು

ಬನ್ನಿಮಟ್ಟಿ ಕೆರೆಯ ಏರಿ, ಗದಗ
29-12-2170, ರಾತ್ರಿ 1 ಗಂಟೆ 28 ನಿಮಿಷ
ಹೊರಗೆ ಒಳ್ಳೆಯ ಬಿಸಿಲಿದೆ.

ಎರಡನೇ ಭಾನುವಾರದ ಕ್ಯಾಮೆರಾ ಬಳಗದ ಶ್ರೀಮತಿ ಕಸ್ತೂರಿ ಅಂಗಡಿ, ಶ್ರೀ ಇಮಾಮಸಾಬ ನದಾಫ ಮತ್ತು ಶ್ರೀ ಮೌನೇಶಪ್ಪ ಬಡಿಗೇರ ಅವರಿಗೆ ನಮಸ್ಕಾರಗಳು.

ಮೇಲಿನ ದಿನಾಂಕ ನಿಮ್ಮನ್ನು ಗೊಂದಲಕ್ಕೆ ಈಡುಮಾಡಿರುತ್ತದೆ. ಅದು ಬರವಣಿಗೆಯ ತಪ್ಪಲ್ಲ. ನಿಮ್ಮ ಗೋಡೆಯ ಕ್ಯಾಲೆಂಡರಿನ ಎಣಿಕೆಯನ್ನೇ ಮುಂದುವರಿಸಿದರೆ ಇಂದು 2175ನೆಯ ಇಸವಿಯ ಸೆಪ್ಟೆಂಬರ್ ಹತ್ತು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನಾನು ಮೇಲೆ ಬರೆದಿರುವುದು ಇನ್ನೊಂದು ಗಡಿಯಾರದ ಸಮಯ. ಆ ಗಡಿಯಾರ ನಿಮ್ಮಲ್ಲೊಬ್ಬರದು. ಅದನ್ನು ನಾವು ಇಂದಿಗೂ ಏಕೆ ನಡೆಸಿಕೊಂಡು ಬಂದಿದ್ದೇವೆ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ. ನನ್ನ ಕೆಲವು ಪದಗಳು ನಿಮಗೆ ಅಪರಿಚಿತವಾಗಿ ಕಾಣಬಹುದು, ಕ್ಷಮಿಸಬೇಕು. ನೂರ ಅರವತ್ತೈದು ವರ್ಷಗಳಲ್ಲಿ ನಮ್ಮ ಕನ್ನಡ ಕೆಲವು ಮಾತುಗಳನ್ನು ಕಳೆದುಕೊಂಡಿದೆ, ಕೆಲವನ್ನು ಹೊಸದಾಗಿ ಕಟ್ಟಿಕೊಂಡಿದೆ. ಅಲ್ಲದೆ ನಾನು ಓದಿದ್ದು ಯಂತ್ರಗಳ ವಿದ್ಯೆ. ಪತ್ರ ಬರೆದು ಅಭ್ಯಾಸವಿಲ್ಲ.

ನನ್ನ ಹೆಸರು ಪ್ರಭುಲಿಂಗ ಗಾಣಿಗೇರ. ವಯಸ್ಸು ಐವತ್ತೆರಡು. ವೃತ್ತಿಯಿಂದ ಮಟ್ಟಗಾರ, ಅಂದರೆ ನೆಲದ ಮತ್ತು ನೀರಿನ ಎತ್ತರವನ್ನು ಅಳೆದು ಗುರುತು ಹಾಕುವವನು. ನಿಮ್ಮ ಮೂವರಲ್ಲಿ ಯಾರ ವಂಶಕ್ಕೂ ನಾನು ಸೇರಿದವನಲ್ಲ. ಹುಡುಕಿ ನೋಡಿದೆ, ಅಡ್ಡದಾರಿಯ ಸಂಬಂಧವೂ ಸಿಗಲಿಲ್ಲ. ಮೊದಲಿಗೆ ಸ್ವಲ್ಪ ನಿರಾಶೆಯಾಯಿತು. ಈಗ ಅದೇ ಒಳ್ಳೆಯದಾಯಿತು ಎನ್ನಿಸುತ್ತದೆ. ನಿಮ್ಮ ಬಗ್ಗೆ ನನಗಿರುವ ಹೆಮ್ಮೆಗೆ ರಕ್ತದ ಕಾರಣವನ್ನು ಯಾರೂ ಹಚ್ಚುವಂತಿಲ್ಲ.

ನಮ್ಮ ದಿನಗಳ ರೀತಿಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗದು. ನಮ್ಮಲ್ಲಿ ಹುಟ್ಟಿದ ಮಗುವಿನಿಂದ ಹಿಡಿದು ಎಲ್ಲರ ಅಂಗಿಯ ಮೇಲೂ ಕಣ್ಣುಗುಂಡಿ ಇರುತ್ತದೆ. ಸಜ್ಜೆಯ ಕಾಳಿಗಿಂತ ತುಸು ದೊಡ್ಡದು. ಅದು ಎದುರಿಗಿರುವುದನ್ನೆಲ್ಲ ಹಗಲೂ ಇರುಳೂ ತಾನೇ ಹಿಡಿದಿಡುತ್ತದೆ. ಆದ್ದರಿಂದ ನಮ್ಮಲ್ಲಿ ಯಾರೂ ಚಿತ್ರ ತೆಗೆಯುವುದಿಲ್ಲ. ಚಿತ್ರಗಳು ತಾವಾಗಿ ತೆಗೆದುಕೊಂಡಿರುತ್ತವೆ, ಅವುಗಳನ್ನು ಯಾರೂ ನೋಡುವುದೂ ಇಲ್ಲ. ನನ್ನ ಮಗಳ ಮದುವೆಯ ದಿನ ಆರುನೂರು ಜನರ ಕಣ್ಣುಗುಂಡಿಗಳು ಒಟ್ಟು ಒಂಬತ್ತು ಸಾವಿರ ಗಂಟೆಗಳನ್ನು ಹಿಡಿದವು. ಅದರಲ್ಲಿ ಹನ್ನೊಂದು ನಿಮಿಷವನ್ನೂ ನಾವು ಇದುವರೆಗೆ ನೋಡಿಲ್ಲ. ಬೇಸಗೆಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ತಂಪುಗಂಟೆ, ಅಂದರೆ ಬಾಗಿಲು ಹಾಕಿಕೊಂಡು ಒಳಗಿರಬೇಕಾದ ಹೊತ್ತು. ಉಳಿದ ವೇಳೆಯಲ್ಲಿ ಜನ ದೂರದ ಊರುಗಳಿಗೆ ಹೋಗಿ ಬರುತ್ತಾರೆಯೇ ಹೊರತು, ನಾಲ್ಕು ಮೈಲಿ ದೂರದ ಗುಡ್ಡಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಪದ್ಧತಿ ನನ್ನ ಅಜ್ಜನ ಕಾಲಕ್ಕೇ ನಿಂತುಹೋಗಿತ್ತು. ಸಮೀಪದಲ್ಲಿರುವುದನ್ನು ನೋಡುವುದೇನಿದೆ ಎಂದು ನಾವು ತಿಳಿದಿದ್ದೆವು.

ಇನ್ನೊಂದು ಸಂಗತಿ. ನಿಮ್ಮ ಕಾಲದ ದಾಖಲೆಗಳು ನಮಗೆ ದಂಡಿಯಾಗಿ ಸಿಕ್ಕಿರಬೇಕು ಎಂದು ನೀವು ಭಾವಿಸಬಹುದು. ಸಿಕ್ಕಿಲ್ಲ. ಇಪ್ಪತ್ತೊಂದನೆಯ ಶತಮಾನದ ಎಂಟನೆಯ ದಶಕವನ್ನು ನಾವು ಬಿಳಿದಶಕ ಎನ್ನುತ್ತೇವೆ. ದೊಡ್ಡ ದೊಡ್ಡ ಮಾಹಿತಿ ಉಗ್ರಾಣಗಳು ಆ ಹತ್ತು ವರ್ಷಗಳಲ್ಲಿ ಒಂದೊಂದಾಗಿ ಓದಲು ಬಾರದಂತಾದವು. ಆಕಾಶದಿಂದ ತೆಗೆದ ಚಿತ್ರಗಳು, ಕಚೇರಿಯ ನಕ್ಷೆಗಳು, ಮನೆಮಂದಿಯ ಫೋಟೋಗಳು ಎಲ್ಲವೂ ಬಿಳಿ ಹಾಳೆಗಳಾದವು. ಉಳಿದದ್ದು ಡಬ್ಬಿಗಳಲ್ಲಿ ಮತ್ತು ಕಪಾಟುಗಳಲ್ಲಿ ಇದ್ದದ್ದು ಮಾತ್ರ.

ಹನ್ನೆರಡು ವರ್ಷಗಳ ಹಿಂದೆ ಹಳೆಯದೊಂದು ಶಾಲೆಯ ಕಟ್ಟಡವನ್ನು ಕೆಡವುವಾಗ ವಿಜ್ಞಾನ ಕೋಣೆಯ ಗೋಡೆಯ ಕಪಾಟಿನಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ "ಸೌ. ಕಸ್ತೂರಿ ಅಂಗಡಿ ಇವರಿಗೆ ತವರುಮನೆಯಿಂದ" ಎಂದು ಕೆತ್ತಿತ್ತು. ಮುಚ್ಚಳದ ಅಂಚಿಗೆ ಮೇಣ ಸುರಿದಿದ್ದರು. ಒಳಗೆ ಕಾಗದದ ಮೇಲೆ ಮುದ್ರಿಸಿದ ಎರಡು ಸಾವಿರದ ನೂರ ಎಂಟು ಚಿತ್ರಗಳಿದ್ದವು, ಒಂದು ಬೆಳಕಿನ ತಟ್ಟೆ ಇತ್ತು (ನೀವು ಅದನ್ನು ಸಿ.ಡಿ. ಎನ್ನುತ್ತಿದ್ದಿರಿ), ಮತ್ತು ಒಣಗಿ ಪುಡಿಯಾದ ಬೇವಿನ ಎಲೆಗಳಿದ್ದವು. ಎಲೆ ಹಾಕಿದ್ದು ಯಾರೆಂದು ತಿಳಿಯದು. ಅವರಿಗೆ ಪ್ರತ್ಯೇಕವಾಗಿ ವಂದನೆಗಳು. ಒಂದು ಹುಳುವೂ ಒಳಗೆ ಹೋಗಿರಲಿಲ್ಲ.

ಆ ಚಿತ್ರಗಳಿಂದಲೇ ನಿಮ್ಮ ಪರಿಚಯವಾಯಿತು. ಕಸ್ತೂರಿಯವರು ವಿಜ್ಞಾನದ ಶಿಕ್ಷಕಿ, ತಿರುಗಾಟದ ಜಾಗವನ್ನು ಗೊತ್ತುಮಾಡುವವರು. ಇಮಾಮಸಾಬರದು ಗಡಿಯಾರ ರಿಪೇರಿಯ ಅಂಗಡಿ, ಕೈಯಲ್ಲಿ ರೀಲಿನ ಕ್ಯಾಮೆರಾ. ಪ್ರತಿ ಚಿತ್ರದ ಬೆನ್ನಿಗೆ ಅವರು ಪೆನ್ಸಿಲಿನಿಂದ ದಿನ, ವೇಳೆ ಮತ್ತು ಒಂದೆರಡು ಮಾತು ಬರೆಯುತ್ತಿದ್ದರು. ಮೌನೇಶಪ್ಪನವರು ಬಾಗಿಲು ಕಿಟಕಿ ಮಾಡುವ ಬಡಿಗರು. ಅವರ ಬಳಿ ಸಣ್ಣ ಡಿಜಿಟಲ್ ಕ್ಯಾಮೆರಾ. ಪ್ರತಿ ತಿಂಗಳ ಎರಡನೆಯ ಭಾನುವಾರ ನೀವು ಮೂವರೂ ಊರ ಸುತ್ತಿನ ಒಂದು ಜಾಗಕ್ಕೆ ಹೋಗುತ್ತಿದ್ದಿರಿ: ಕಲ್ಲಿನ ಕ್ವಾರಿ, ಹತ್ತಿಯ ಜಿನ್ನು, ರೈಲ್ವೆ ಗೇಟು, ಗಾಳಿಯಂತ್ರಗಳ ಗುಡ್ಡ. 2009ರ ಸೆಪ್ಟೆಂಬರಿನಿಂದ ಐದು ವರ್ಷ ಎರಡು ತಿಂಗಳಲ್ಲಿ ಅರವತ್ತೆರಡು ಭಾನುವಾರ, ಮೇಲೆ ಒಂದು ಶುಕ್ರವಾರ. ಇವುಗಳಲ್ಲಿ ಹದಿನೇಳು ಸಲ ನೀವು ಹೋಗಿದ್ದು ಬನ್ನಿಮಟ್ಟಿ ಕೆರೆಗೆ. ಬಹುಶಃ ಅಲ್ಲಿ ನೆರಳು ಚೆನ್ನಾಗಿತ್ತು.

ನಿಮಗೊಂದು ಪದ್ಧತಿಯಿತ್ತು. ರೀಲು ಮೇಲೋ ಡಿಜಿಟಲ್ ಮೇಲೋ ಎಂಬ ನಿಮ್ಮ ಜಗಳದಲ್ಲಿ ಅದು ಹುಟ್ಟಿದ್ದೆಂದು ಇಮಾಮಸಾಬರ ಒಂದು ಟಿಪ್ಪಣಿ ಹೇಳುತ್ತದೆ. ಜಾಗ ತಲುಪಿದ ಕೂಡಲೇ, ಬುತ್ತಿಯ ಗಂಟು ಬಿಚ್ಚುವ ಮೊದಲು, ಇಮಾಮಸಾಬರೂ ಮೌನೇಶಪ್ಪನವರೂ ಎದುರುಬದುರು ನಿಲ್ಲುತ್ತಿದ್ದರು. ಕಸ್ತೂರಿಯವರು ಒಂದು, ಎರಡು, ಮೂರು ಎಂದೊಡನೆ ಇಬ್ಬರೂ ಒಬ್ಬರನ್ನೊಬ್ಬರು ಒಂದೇ ಕ್ಷಣದಲ್ಲಿ ತೆಗೆಯಬೇಕು. ಯಾರ ಚಿತ್ರ ಚೆನ್ನಾಗಿ ಬಂದಿದೆ ಎಂಬುದನ್ನು ಮುಂದಿನ ತಿಂಗಳು ಕಸ್ತೂರಿಯವರೇ ತೀರ್ಮಾನಿಸಬೇಕು. ಹೀಗೆ ಐದು ವರ್ಷ ಗುಂಡು ಹಾರಿಸಿಕೊಳ್ಳುವವರಂತೆ ಎದುರುಬದುರು ನಿಂತ ಆ ಇಬ್ಬರು ಗೆಳೆಯರ ಹಿಂದೆ ಒಮ್ಮೆ ಗುಡ್ಡವಿದೆ, ಒಮ್ಮೆ ರೈಲಿದೆ, ಹದಿನೇಳು ಸಲ ಕೆರೆಯ ತೂಬಿನ ಎರಡು ಕಲ್ಲುಕಂಬಗಳಿವೆ, ಕಂಬಕ್ಕೆ ತಾಗಿದ ನೀರಿದೆ.

ಆ ಕೆರೆ ನನ್ನ ಕಾಲಕ್ಕೆ ಇರಲಿಲ್ಲ. 2060ರ ಸುಮಾರಿಗೆ ಅದನ್ನು ಮಣ್ಣಿನಿಂದ ತುಂಬಿ ಮನೆ ಕಟ್ಟಿದರು. ಅದಾದ ಮೇಲೆ ಊರಿನ ಮೂಡಣ ಭಾಗದ ಬಾವಿಗಳೆಲ್ಲ ಒಣಗಿದವು. ನಾನು ಹುಟ್ಟಿದಂದಿನಿಂದ ಅಲ್ಲಿ ನೀರಿನ ಪಾಳಿ ಒಂಬತ್ತು ದಿನಕ್ಕೊಮ್ಮೆ. ಇಪ್ಪತ್ತು ವರ್ಷಗಳ ಕೆಳಗೆ ನಮ್ಮಲ್ಲಿ ಮರುನೀರು ಕಾಯ್ದೆ ಬಂದಿತು. ತುಂಬಿದ ಕೆರೆಯನ್ನು ಮತ್ತೆ ನೀರಿಗೆ ಬಿಟ್ಟುಕೊಡಬೇಕಾದರೆ, ಅಲ್ಲಿ ಸತತ ಮೂರು ಮಳೆಗಾಲ ನೀರು ನಿಂತಿತ್ತು ಎಂಬುದನ್ನೂ ಅದು ಯಾವ ಮಟ್ಟಕ್ಕೆ ನಿಂತಿತ್ತು ಎಂಬುದನ್ನೂ ದಿನಾಂಕಸಹಿತ ಸಾಬೀತುಪಡಿಸಬೇಕು. ಅರ್ಜಿ ಒಮ್ಮೆ ಬಿದ್ದುಹೋದರೆ ಅರವತ್ತು ವರ್ಷ ಮತ್ತೆ ಹಾಕುವಂತಿಲ್ಲ. ಮೂಡಣ ಭಾಗದವರು ಅರ್ಜಿ ಹಾಕಿ, ತಾಂತ್ರಿಕ ಹೇಳಿಕೆಯನ್ನು ಬರೆದುಕೊಡಲು ನನ್ನನ್ನು ಕೇಳಿದರು. ಅವರ ಕೈಯಲ್ಲಿದ್ದ ಸಾಕ್ಷಿ ನಿಮ್ಮ ಡಬ್ಬಿಯೊಂದೇ.

ಇಲ್ಲಿ ನನ್ನ ಸ್ವಂತದ ಒಂದು ವಿಷಯವನ್ನು ಹೇಳಬೇಕಾಗಿದೆ. ಕೆರೆಯ ಅಂಗಳದಲ್ಲಿ ಎದ್ದ ಇನ್ನೂರ ಹದಿನಾರು ಮನೆಗಳಲ್ಲಿ ಒಂದು ನನ್ನದು. ಮಣ್ಣಿನಡಿಯಿದ್ದ ತೂಬಿನ ಕಂಬದ ಸುತ್ತ ಅಗೆಸಿ, ಇಮಾಮಸಾಬರ ಚಿತ್ರದಲ್ಲಿ ನೀರು ಮುಟ್ಟಿದ್ದ ಕಲ್ಲಿನ ಬಿರುಕನ್ನು ಗುರುತಿಸಿ, ಅಲ್ಲಿಂದ ಮಟ್ಟದ ಗೆರೆಯನ್ನು ಎಳೆದಾಗ, ಅದು ನನ್ನ ಅಡುಗೆಮನೆಯ ಗೋಡೆಗೆ ಸೊಂಟದೆತ್ತರಕ್ಕೆ ಬಂದು ತಾಗಿತು. ಗುರುತಿನ ಸುಣ್ಣವನ್ನು ಹಚ್ಚಿ ಒಳಗೆ ಬಂದೆ. ನನ್ನ ಹೆಂಡತಿ ನೀಲಾಂಬಿಕೆ ರೊಟ್ಟಿ ಬಡಿಯುತ್ತಿದ್ದಳು.

"ಗೆರಿ ಎಲ್ಲಿಗೆ ಬಂತು?" ಎಂದು ಕೇಳಿದಳು.

"ನೀ ಕುಂತಲ್ಲೆ, ನಿನ್ನ ಕೊಳ್ಳಿನ ಮಟ."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಲೆಕ್ಕ ಸರಿ ಐತಿಲ್ಲೊ?"

"ಐತಿ."

"ಮತ್ತ ಸುಮ್ನ ಯಾಕ ನಿಂತಿ? ಭಾಂಡೆ ಯಾವಾಗ ಕಟ್ಟೂದು ಹೇಳು."

ನಮ್ಮ ಮನೆಯಲ್ಲಿ ಈ ವಿಷಯದ ಮೇಲೆ ನಡೆದ ಚರ್ಚೆ ಇಷ್ಟೇ. ನೆರೆಹೊರೆಯವರೆಲ್ಲ ಇಷ್ಟು ಬೇಗ ಒಪ್ಪಲಿಲ್ಲ. ಪಕ್ಕದ ಎತ್ತರದ ಮಟ್ಟಿಯ ಮೇಲೆ ಬದಲಿ ಮನೆ ಸಿಗುವುದೆಂದು ಗೊತ್ತಿದ್ದರೂ ಮೂವತ್ತು ವರ್ಷ ಬಾಳಿದ ಹೊಸ್ತಿಲನ್ನು ಬಿಡುವುದು ಸುಲಭವಲ್ಲ. ಕೆಲವರು ನನ್ನೊಡನೆ ಇಂದಿಗೂ ಮಾತನಾಡುವುದಿಲ್ಲ. ಅವರದು ತಪ್ಪೆಂದು ನಾನು ಹೇಳಲಾರೆ.

ಗೆರೆ ಸಿಕ್ಕಿತು. ಆದರೆ ಕಾಲ ಸಿಗಲಿಲ್ಲ. ಮೌನೇಶಪ್ಪನವರೇ, ನಿಮ್ಮ ಪ್ರತಿ ಚಿತ್ರದ ಬಲಗಡೆಯ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ಅಚ್ಚಾಗಿರುವ ದಿನಾಂಕ ತಪ್ಪು. ಸ್ವಲ್ಪ ತಪ್ಪಲ್ಲ. 2009ರ ಸೆಪ್ಟೆಂಬರ್ ಎಂದು ಇಮಾಮಸಾಬರು ಬರೆದ ದಿನಕ್ಕೆ ನಿಮ್ಮ ಕ್ಯಾಮೆರಾ 2005ರ ಜನವರಿ ಎನ್ನುತ್ತದೆ. ಬೆಳಗಿನ ಎಂಟೂವರೆಗೆ ರಾತ್ರಿ ಒಂದೂ ಕಾಲು ಎನ್ನುತ್ತದೆ. ಆ ಶುಕ್ರವಾರವೊಂದನ್ನು ಬಿಟ್ಟರೆ ಪ್ರತಿ ಸಲವೂ ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿದೆ, ಕಂಬಗಳ ನೆರಳು ಉದ್ದಕ್ಕೆ ಬಿದ್ದಿದೆ, ಮೂಲೆಯಲ್ಲಿ ನಡುರಾತ್ರಿಯ ವೇಳೆ ಬರೆದಿದೆ. ಪೆನ್ಸಿಲಿನ ಬರಹವನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬರೆದಿರಬಹುದು ಎಂದು ಕಾಯ್ದೆ ಅದನ್ನು ಒಂಟಿಯಾಗಿ ಒಪ್ಪುವುದಿಲ್ಲ. ಯಂತ್ರದ ಬರಹವನ್ನು ಒಪ್ಪುತ್ತದೆ. ನಮ್ಮ ಯಂತ್ರವೋ ಹಗಲನ್ನು ರಾತ್ರಿ ಎನ್ನುತ್ತಿತ್ತು. ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವರೇ ಬಳಗದಲ್ಲಿದ್ದೂ ಈ ಒಂದು ಗಡಿಯಾರ ಐದು ವರ್ಷ ಹೀಗೇ ಉಳಿದದ್ದು ಹೇಗೆ ಎಂಬುದು ನನಗೆ ಬಹಳ ದಿನ ಬಿಡಿಸಲಾಗದ ಒಗಟಾಗಿತ್ತು.

ಉತ್ತರ ಎರಡು ಚಿತ್ರಗಳ ಬೆನ್ನಲ್ಲಿತ್ತು. ಇಮಾಮಸಾಬರ ಅಕ್ಷರ ಸಣ್ಣದು, ಚೊಕ್ಕಟವಾದದ್ದು. ಮೊದಲನೆಯದು: "ಆಗಸ್ಟ್ 9, 2009. ಮೌನೇಶಣ್ಣ ತಾರೀಖ ಹಚ್ಚಾಕ ಹೋಗಿ ಏನೋ ಒತ್ತಿದ, 43 ಫೋಟೋ ಅಳಿಸಿ ಹೋದವು. ಸಿಟ್ಟಿಗೆ ಬ್ಯಾಟರಿ ಕಿತ್ತು ಕಿಸೆಯಾಗ ಇಟ್ಟುಕೊಂಡ." ಎರಡನೆಯದು ಮುಂದಿನ ತಿಂಗಳಿನದು: "ಸೆಪ್ಟೆಂಬರ್ 13. ಬ್ಯಾಟರಿ ಹಾಕಿದ. ಕ್ಯಾಮೆರಾ ತಾರೀಖ ಕೇಳಿತು. ಹೆದರಿ ಹಂಗ ಓಕೆ ಒತ್ತಿದ. ಇನ್ನ ಮ್ಯಾಲೆ ಬ್ಯಾಟರಿ ತೆಗೆದು ಇಡೂದಿಲ್ಲಂತ, ಚಾರ್ಜ್ ಆದ ಕೂಡಲೆ ಹಾಕತಾನಂತ." ಬ್ಯಾಟರಿ ಬಹಳ ದಿನ ಹೊರಗಿದ್ದರೆ ಕ್ಯಾಮೆರಾ ತಾರೀಖು ಕೇಳುತ್ತದೆ, ತಾರೀಖು ಕೇಳಿದರೆ ಗುಂಡಿ ಒತ್ತಬೇಕು, ಗುಂಡಿ ಒತ್ತಿದರೆ ಚಿತ್ರಗಳು ಹೋಗುತ್ತವೆ. ನಿಮ್ಮ ತರ್ಕ ಇದು. ಮೌನೇಶಪ್ಪನವರೇ, ತಂತ್ರಜ್ಞನಾಗಿ ನಾನು ಇದನ್ನು ಒಪ್ಪಲಾರೆ. ಆದರೆ ಇದರಿಂದಾಗಿ ಆ ಗಡಿಯಾರ ಐದು ವರ್ಷ ಒಂದು ಕ್ಷಣವೂ ನಿಲ್ಲಲಿಲ್ಲ, ಯಾರ ಬೆರಳೂ ಅದಕ್ಕೆ ತಾಗಲಿಲ್ಲ.

ನನ್ನ ವೃತ್ತಿಯಲ್ಲಿ ಮೊದಲ ವರ್ಷವೇ ಕಲಿಸುವ ಒಂದು ಮಾತಿದೆ. ಅಳತೆಪಟ್ಟಿಯ ತುದಿ ಎರಡು ಅಂಗುಲ ಮುರಿದಿದ್ದರೆ ಪಟ್ಟಿಯನ್ನು ಎಸೆಯಬಾರದು. ಎಲ್ಲ ಅಳತೆಯಿಂದ ಎರಡು ಅಂಗುಲ ಕಳೆಯಬೇಕು. ನಿಮ್ಮ ಎದುರುಬದುರು ಚಿತ್ರಗಳನ್ನು ಜೋಡಿ ಜೋಡಿಯಾಗಿ ಮೇಜಿನ ಮೇಲೆ ಇಟ್ಟೆ. ಪ್ರತಿ ಜೋಡಿಯೂ ಒಂದೇ ಕ್ಷಣದ್ದು. ಒಂದರ ಬೆನ್ನಿಗೆ ಗಡಿಯಾರದಂಗಡಿಯವರ ಪೆನ್ಸಿಲಿನ ವೇಳೆ, ಇನ್ನೊಂದರ ಮೂಲೆಗೆ ಕಿತ್ತಳೆ ವೇಳೆ. ಕಳೆದು ನೋಡಿದೆ: ಒಂದು ಸಾವಿರದ ಏಳುನೂರ ಹದಿನಾರು ದಿನ, ಏಳು ಗಂಟೆ, ಹನ್ನೆರಡು ನಿಮಿಷ. ಮುಂದಿನ ಜೋಡಿ ತೆಗೆದೆ. ಅಷ್ಟೇ. ಅದರ ಮುಂದಿನದು. ಅಷ್ಟೇ. ಅರವತ್ತಮೂರು ಜೋಡಿಗಳಲ್ಲಿ ಆ ಅಂತರ ಒಟ್ಟು ಒಂಬತ್ತು ನಿಮಿಷ ಜಾರಿತ್ತು, ಅದೂ ಅಗ್ಗದ ಗಡಿಯಾರ ಜಾರುವಂತೆ ತಿಂಗಳು ತಿಂಗಳು ಸಮನಾಗಿ. ಆ ದಿನ ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಬಳಿಕ ತೂಬಿನ ಕಂಬಗಳ ನೆರಳನ್ನು ಹಿಡಿದು ಪ್ರತಿಯೊಂದು ಚಿತ್ರದ ಹೊತ್ತನ್ನು ಲೆಕ್ಕ ಹಾಕಿದೆ. ನೆರಳು ತಾಳೆಯಾಯಿತು. ಆದರೆ ನೆರಳು ತಿಂಗಳನ್ನೂ ಹೊತ್ತನ್ನೂ ಹೇಳುತ್ತದೆ, ಇಸವಿಯನ್ನು ಹೇಳುವುದಿಲ್ಲ. ಪ್ರತಿ ಸೆಪ್ಟೆಂಬರಿನ ನೆರಳೂ ಒಂದೇ. ಇಸವಿಯನ್ನು ಹಿಡಿದು ನಿಲ್ಲಿಸುವ ಒಂದು ಮೊಳೆ ಬೇಕಾಗಿತ್ತು.

ಅದು ಆ ಬೆಳಕಿನ ತಟ್ಟೆಯಲ್ಲಿ ಸಿಕ್ಕಿತು. ತಟ್ಟೆಯ ಮೈ ಕೆಟ್ಟಿತ್ತು. ಏಳು ತಿಂಗಳು ಕೂತು ಓದಿದ್ದಕ್ಕೆ ದಕ್ಕಿದ್ದು ಐವತ್ತೆರಡು ಸೆಕೆಂಡುಗಳ ಒಂದು ಚಲಿಸುವ ಚಿತ್ರ, ದನಿಯ ಸಮೇತ. ಕೆರೆಯ ಏರಿಯ ಮೇಲೆ ಬೇವಿನ ಮರದ ನೆರಳು. ಕ್ಯಾಮೆರಾ ಹಿಡಿದವರು ಮೌನೇಶಪ್ಪನವರು, ಆದ್ದರಿಂದ ಅವರು ಕಾಣುವುದಿಲ್ಲ. ನೆಲದ ಮೇಲೆ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ದುಂಡಗಿಲ್ಲ; ಒಂದೊಂದೂ ಎಳೆಚಂದ್ರನಂತೆ ಬಾಗಿದೆ. ನೂರಾರು. ನಿಮ್ಮ ಮಾತುಗಳನ್ನು ನಾನು ಕೇಳಿದಂತೆಯೇ ಬರೆಯುತ್ತೇನೆ.

ಇಮಾಮಸಾಬರು: "ಏ ಮೌನೇಶಣ್ಣ, ಕುಡುಗೋಲ ಚೆಲ್ಲಿದಂಗ ಕಾಣತೈತಲ್ಲೊ!"

ಕಸ್ತೂರಿಯವರು: "ಮ್ಯಾಲ ನೋಡಬ್ಯಾಡ್ರಿ, ಕಣ್ಣ ಹೋದಾವು. ನೆಲಾ ಹಿಡೀರಿ, ನೆಲಾ."

ಮೌನೇಶಪ್ಪನವರು: "ನೆಲಾನ ಹಿಡ್ಯಾಕ್ಹತ್ತೇನ್ರಿ ಅಕ್ಕೋರ. ಗ್ರಹಣದಾಗ ಹೊರಗ ಬಂದೀನಂತ ಮನ್ಯಾಗ ಗೊತ್ತಾದ್ರ ಇವತ್ತ ನನಗ ಊಟಿಲ್ಲ."

ಇಮಾಮಸಾಬರು: "ಊಟಕ್ಕ ನಮ್ಮನಿಗೆ ಬಾರಪಾ. ಮೊದಲ ಆ ತಾರೀಖ ಸರಿ ಮಾಡ್ಕೊ. ಮಟಮಟ ಮಧ್ಯಾಹ್ನ ಐತಿ, ನಿನ್ನ ಕ್ಯಾಮೆರಾದಾಗ ಮುಂಜಾನಿ ಆರ ಗಂಟೆ! ನನ್ನ ಅಂಗಡಿ ಮರ್ಯಾದಿ ತಗೀತಿ ನೀ."

ಕಸ್ತೂರಿಯವರು: "ಕೊಡ್ರಿಲ್ಲೆ, ನಾ ಹಚ್ಚಿ ಕೊಡ್ತೀನಿ. ಎರಡ ನಿಮಿಷದ ಕೆಲಸ."

ಮೌನೇಶಪ್ಪನವರು: "ಮುಟ್ಟಬ್ಯಾಡ್ರಿ ಅಕ್ಕೋರ, ಕೈ ಮುಗೀತೀನಿ! ಎರಡ ನಿಮಿಷದ ಕೆಲಸದಾಗ ನಲವತ್ಮೂರ ಫೋಟೋ ಹೋಗ್ಯಾವ. ತಾರೀಖ ತಪ್ಪಿದ್ರ ತಪ್ಪಲಿ, ಕೆರಿ ಇರಲಿ."

ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಮೂವರೂ ನಗುತ್ತಿರುವುದು ಕೇಳಿಸುತ್ತದೆ. ಇಷ್ಟೆಲ್ಲ ಅಂಕಿಗಳ ನಡುವೆ ನಾನು ಆ ನಗುವನ್ನು ಎಷ್ಟು ಸಲ ಕೇಳಿದ್ದೇನೆಂಬುದನ್ನು ಮಾತ್ರ ಎಣಿಸಿಲ್ಲ.

ಅದೇ ಕುಡುಗೋಲುಗಳ ಕಾಗದದ ಚಿತ್ರವೂ ಡಬ್ಬಿಯಲ್ಲಿತ್ತು. ಮೂಲೆಯಲ್ಲಿ 05-05-2005, 06:14 ಎಂದು ಅಚ್ಚಾಗಿತ್ತು. ನಾವು ಕಂಡುಕೊಂಡ ಅಂತರವನ್ನು ಕೂಡಿಸಿದರೆ ಅದು 2010ರ ಜನವರಿ ಹದಿನೈದು, ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತಾರು ನಿಮಿಷವಾಗುತ್ತದೆ.

ಮರುನೀರು ಅರ್ಜಿಗಳನ್ನು ತೀರ್ಮಾನಿಸುವ ಸಭೆಯ ವಿಚಾರಣೆ ಹೋದ ವರ್ಷ ಮಾಘದಲ್ಲಿ ನಡೆಯಿತು. ಹಿಂದಿನ ಸಾಲುಗಳಲ್ಲಿ ಕೊಡಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಹೆಂಗಸರಿದ್ದರು. ಆ ದಿನವೇ ಅವರ ನೀರಿನ ಪಾಳಿಯಿತ್ತು. ಅಲ್ಲಿನ ಹಲವು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕರ ಒಕ್ಕೂಟದ ಪರವಾಗಿ ಬಂದ ತಜ್ಞರು ವಯಸ್ಸಿನಲ್ಲಿ ನನಗಿಂತ ಕಿರಿಯರು, ಬುದ್ಧಿವಂತರು. ಮೌನೇಶಪ್ಪನವರ ಒಂದು ಚಿತ್ರವನ್ನು ಎತ್ತಿ ಹಿಡಿದು ಅಧ್ಯಕ್ಷರಿಗೆ ಹೇಳಿದರು: "ಅಜ್ಜಾರ, ರಾತ್ರಿ ಒಂದೂವರಿಗೆ ಬಿಸಲ ಬಿದ್ದ ಕೆರಿ ನಾ ಅಂತೂ ಎಲ್ಲೂ ನೋಡಿಲ್ಲ. ನೀವ ನೋಡೀರೇನ್ರಿ?" ಸಭೆಯೆಲ್ಲ ನಕ್ಕಿತು. ಕೊಡ ಹಿಡಿದ ಹೆಂಗಸರು ನಗಲಿಲ್ಲ.

ನಾನು ಸಭೆಗಳಲ್ಲಿ ಮಾತನಾಡುವವನಲ್ಲ. ಅರವತ್ತಮೂರು ಜೋಡಿಗಳ ಪಟ್ಟಿಯನ್ನು ಮುಂದಿಟ್ಟೆ, ಕುಡುಗೋಲುಗಳ ಚಿತ್ರವನ್ನು ಅದರ ಮೇಲಿಟ್ಟೆ, ಐವತ್ತೆರಡು ಸೆಕೆಂಡುಗಳನ್ನು ತೋರಿಸಿದೆ. ಅಧ್ಯಕ್ಷರಾಗಿದ್ದ ಹಿರಿಯರು ಬಹಳ ಹೊತ್ತು ನೋಡಿ, "ಇದೇನಪಾ, ನೆಲದ ಮ್ಯಾಲೆ?" ಎಂದರು. "ಸೂರ್ಯಗ್ರಹಣರಿ ಅಜ್ಜಾರ. ಎಲಿ ಸಂದ್ಯಾಗಿಂದ ಬಿದ್ದದ್ದು. ಯಾವ ಇಸವಿ, ಯಾವ ತಾಸು ಅಂತ ಪಂಚಾಂಗದವರನ್ನ ಕೇಳ್ರಿ, ನನ್ನ ಕೇಳಬ್ಯಾಡ್ರಿ" ಎಂದೆ. ಗ್ರಹಣಗಳನ್ನು ಹಿಂದಕ್ಕೂ ಮುಂದಕ್ಕೂ ಸಾವಿರ ವರ್ಷ ಎಣಿಸಿಟ್ಟಿದ್ದಾರೆ. ಸಭೆಯಲ್ಲಿದ್ದ ಪಂಚಾಂಗದವರು ಅಲ್ಲಿಯೇ ಎಣಿಸಿದರು. ಇಸವಿ, ದಿನ, ಗಂಟೆ ಎಲ್ಲವೂ ಕೂಡಿಬಂದವು. ಗ್ರಹಣವನ್ನು ಯಾರೂ ಪೆನ್ಸಿಲಿನಿಂದ ತಿದ್ದಲಾರರು. ಅಧ್ಯಕ್ಷರು ಆ ತಜ್ಞರ ಕಡೆಗೆ ತಿರುಗಿ, "ತಮ್ಮಾ, ಈಗ ನೋಡಿದೆಲ್ಲ ರಾತ್ರಿ ಒಂದೂವರಿ ಬಿಸಲಾ?" ಎಂದರು. ಈ ಸಲ ಹಿಂದಿನ ಸಾಲುಗಳೇ ಮೊದಲು ನಕ್ಕವು. ತಜ್ಞರೂ ನಕ್ಕರು, ಹೊರಗೆ ಬಂದಾಗ ನನ್ನ ಕೈ ಹಿಡಿದು ಆ ಚಿತ್ರದ ಒಂದು ಪ್ರತಿಯನ್ನು ಕೇಳಿದರು. ಕೊಟ್ಟೆ.

ನಾವು ಮನೆ ಬಿಟ್ಟದ್ದು ಯುಗಾದಿಗೆ ಮೊದಲು. ಮಣ್ಣು ತೆಗೆದರು. ಈ ವರ್ಷದ ಮುಂಗಾರಿನಲ್ಲಿ ನೀರು ಬಂದಿತು. ಮೊದಲು ನನ್ನ ಅಡುಗೆಮನೆಯ ಅಡಿಪಾಯದ ಗುರುತಿನವರೆಗೆ, ಆಮೇಲೆ ತೂಬಿನ ಕಂಬಕ್ಕೆ ಹಚ್ಚಿದ ಸುಣ್ಣದ ಗೆರೆಗೆ ಎರಡು ಬೆರಳು ಕೆಳಗಿನವರೆಗೆ. ಎರಡು ಬೆರಳಿನ ಆ ವ್ಯತ್ಯಾಸ ನನ್ನ ಲೆಕ್ಕದ್ದೋ ಮಳೆಯದೋ ಎಂಬುದನ್ನು ಮುಂದಿನ ವರ್ಷ ನೋಡಬೇಕು. ಮೂಡಣ ಭಾಗದಲ್ಲಿ ಮೊನ್ನೆ ಒಂದು ಬಾವಿಯ ತಳ ಒದ್ದೆಯಾಗಿದೆ. ಒಂದೇ ಬಾವಿ. ಆದರೂ ಅದನ್ನು ನೋಡಲು ಜನ ಸಾಲು ನಿಂತಿದ್ದರು.

ಈಗ ಎರಡನೇ ಭಾನುವಾರದ ಬಳಗ ಮತ್ತೆ ನಡೆಯುತ್ತಿದೆ. ಮೂವತ್ತೊಂದು ಜನರಿದ್ದೇವೆ. ಕಣ್ಣುಗುಂಡಿಯನ್ನು ಮನೆಯಲ್ಲಿ ಬಿಟ್ಟು ಬರುತ್ತೇವೆ. ಮರದ ಪೆಟ್ಟಿಗೆ, ಒಂದು ಗಾಜು, ಒಂದು ಗುಂಡಿ ಇಷ್ಟನ್ನು ಸೇರಿಸಿ ನಾವೇ ಮಾಡಿಕೊಂಡ ಕ್ಯಾಮೆರಾಗಳು. ಗುಂಡಿಯನ್ನು ನಾವೇ ಒತ್ತಬೇಕು, ಒತ್ತುವ ಮೊದಲು ನೋಡಬೇಕು. ಅದೇ ನಮಗೆ ಕಷ್ಟವಾಯಿತು, ಈಗ ಅದೇ ಹಿತವಾಗಿದೆ. ಬುತ್ತಿ ಬಿಚ್ಚುವ ಮೊದಲು ಎದುರುಬದುರು ನಿಲ್ಲುತ್ತೇವೆ. ನಮ್ಮ ಎಲ್ಲ ಕ್ಯಾಮೆರಾಗಳ ಗಡಿಯಾರಗಳನ್ನೂ ಒಂದು ಸಾವಿರದ ಏಳುನೂರ ಹದಿನಾರು ದಿನ, ಏಳು ಗಂಟೆ, ಹನ್ನೆರಡು ನಿಮಿಷ ಹಿಂದಕ್ಕೆ ಇಟ್ಟಿದ್ದೇವೆ. ಇದನ್ನು ನಾವು ಮೌನೇಶ ಎಣಿಕೆ ಎನ್ನುತ್ತೇವೆ. ಹೊಸದಾಗಿ ಸೇರಿದವರು ಏಕೆ ಎಂದು ಕೇಳುತ್ತಾರೆ. ಹೇಳಿಕೊಡುವ ಹಕ್ಕು ನನ್ನದು. ನನಗೆ ಅಷ್ಟು ಜಂಬ ಇದೆಯೆಂದು ನೀಲಾಂಬಿಕೆಗೆ ಈ ವರ್ಷವೇ ತಿಳಿಯಿತಂತೆ. ಎದುರುಬದುರು ನಿಂತಾಗ ನನ್ನೆದುರು ಅವಳೇ ಇರುತ್ತಾಳೆ. ಇಲ್ಲಿಯವರೆಗೆ ಅವಳ ಚಿತ್ರಗಳೇ ಚೆನ್ನಾಗಿ ಬಂದಿವೆ.

ಈ ಪತ್ರವನ್ನು ನಿಮಗೆ ತಲುಪಿಸುವ ಉಪಾಯ ನಮ್ಮ ಕಾಲಕ್ಕೂ ಸಿಕ್ಕಿಲ್ಲ. ಕಸ್ತೂರಿಯವರ ಡಬ್ಬಿಯಲ್ಲಿಯೇ ಇದನ್ನು ಇಟ್ಟು, ಬೇವಿನ ಎಲೆ ಹಾಕಿ, ಅಂಚಿಗೆ ಮೇಣ ಸುರಿಯುತ್ತೇನೆ. ಆದರೂ ಹೇಗಾದರೂ ನಿಮ್ಮ ಕೈಸೇರುವುದಾದರೆ, ಆ ಗ್ರಹಣದ ಶುಕ್ರವಾರಕ್ಕೆ ಮೊದಲೇ ಸೇರಲಿ. ಏಕೆಂದರೆ ನನ್ನದೊಂದು ಕೋರಿಕೆಯಿದೆ.

ಕಸ್ತೂರಿಯವರೇ, ಬೇವಿನ ಮರದ ಕೆಳಗೆ ನೀವು ಸದುದ್ದೇಶದಿಂದಲೇ ಕೈ ಚಾಚುವಿರಿ. ನಿಮ್ಮ ಬೆರಳು ಆ ದಿನ ಗಡಿಯಾರವನ್ನು ತಿದ್ದಿದರೆ, ಹಿಂದಿನ ಮಳೆಗಾಲದ ಚಿತ್ರಗಳಿಗೂ ಗ್ರಹಣಕ್ಕೂ ನಡುವಿನ ಕೊಂಡಿ ಕಳಚಿಬೀಳುತ್ತದೆ, ನಿಮ್ಮ ಡಬ್ಬಿಯಲ್ಲಿ ಸತತವಾಗಿ ಸಿಕ್ಕ ಮೂರೇ ಮಳೆಗಾಲಗಳಲ್ಲಿ ಮೊದಲನೆಯದು ನಮ್ಮ ಕೈಬಿಟ್ಟು ಹೋಗುತ್ತದೆ. ಇಮಾಮಸಾಬರೇ, ತಪ್ಪು ಗಡಿಯಾರವನ್ನು ಕಣ್ಣೆದುರು ಇಟ್ಟುಕೊಂಡು ಐದು ವರ್ಷ ಸಹಿಸುವುದು ನಿಮ್ಮಂಥವರಿಗೆ ಎಷ್ಟು ಕಷ್ಟವೆಂದು ನಾನು ಬಲ್ಲೆ, ನನ್ನ ವೃತ್ತಿಯೂ ಅದೇ. ಬೇಕಾದಷ್ಟು ಚೇಷ್ಟೆ ಮಾಡಿ, ಪೆನ್ಸಿಲನ್ನು ಮಾತ್ರ ಬಿಡಬೇಡಿ.

ಮೌನೇಶಪ್ಪನವರೇ, ಯಾರು ಕೇಳಿದರೂ ಕ್ಯಾಮೆರಾವನ್ನು ಕೊಡಬೇಡಿ. ಕೈ ಮುಗಿಯುತ್ತೇನೆ.

ನಿಮ್ಮ ತಾರೀಖು ತಪ್ಪಿತ್ತು. ಕೆರೆ ಇದೆ.

ಪ್ರಭುಲಿಂಗ ಗಾಣಿಗೇರ
ಮಟ್ಟಗಾರ